ಸೈಲೆನ್ಸರಿನ ತಂತಿ

ನನಗೆ ಮೊದಲಿನಿಂದಲೂ ಗಾಡಿಯ ಸದ್ದಿನ ಹುಚ್ಚು. ಸುರಪುರದ ಹೈಸ್ಕೂಲು ಮಾಸ್ತರನಾದ ನಾನು ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ತಂದದ್ದು ನೋಡಿ ಓಣಿಯ ಮಂದಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಗಲಿ, ನನ್ನ ಗಂಟೇನು ಹೋಗಬೇಕು? ಹೈದರಾಬಾದಿನಿಂದ ಬಂದ ಹಳೇ ಗಾಡಿ ಅದು. ಹಿಂದಿನ ಮಾಲೀಕ ಹಾಕಿಸಿದ್ದ ದಪ್ಪ ಸೈಲೆನ್ಸರಿನಿಂದಾಗಿ ಚಾಲೂ ಮಾಡಿದರೆ ಹುಲಿ ಗುರುಗುಟ್ಟಿದಂತಾಗುತ್ತಿತ್ತು.

ಅದೇ ವರ್ಷ ಅವ್ವನ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಯಾದಗಿರಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಒಂದು ತಿಂಗಳಾಗಿತ್ತೋ ಇಲ್ಲವೋ, ಅವ್ವ ತಕರಾರು ತೆಗೆದಳು.

"ನಾ ಬಸ್ಸಿಗಿ ಹೋಗ್ತೀನಿ. ನಿನ್ನ ಗಾಡಿ ಬ್ಯಾಡ."

"ಯಾಕಬೇ?"

"ತಲಿ ನೋಯ್ತದ."

ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ಬರುವ ಶಕ್ತಿ ಆಕೆಗೆಲ್ಲಿತ್ತು? ಕಿವಿಗೆ ಅರಳೆ ಇಟ್ಟುಕೋ ಎಂದು ರೇಗಿದೆ. ಅವ್ವ ಹಟ ಹಿಡಿದು ಆ ಸಲ ಆಸ್ಪತ್ರೆಗೇ ಬರಲಿಲ್ಲ. ಎರಡು ದಿನದಲ್ಲಿ ಮೈ ಬಾತು ಉಸಿರು ಕಟ್ಟತೊಡಗಿತು. ಎತ್ತಿ ಕೂರಿಸಿಕೊಂಡು ಯಾದಗಿರಿಗೆ ಓಡಿಸಿದೆ.

ಚೇತರಿಸಿಕೊಂಡವಳನ್ನು ಕರೆತರುವಾಗ ಶಹಾಪುರದಲ್ಲಿ ಸೈಲೆನ್ಸರ್ ಬೆಸೆಯುವ ಚಾಚಾರ ಅಂಗಡಿಯ ಮುಂದೆ ನಿಲ್ಲಿಸಿದೆ. ಸೈಲೆನ್ಸರ್ ಮುಟ್ಟುವ ಮೊದಲು, ಓಡಿಸುವವರನ್ನು ಬಿಟ್ಟು ಪಕ್ಕದಲ್ಲಿ ಕೂರುವವರನ್ನು ವಿಚಾರಿಸುವುದು ಅವರ ಪದ್ಧತಿ. ಓಡಿಸುವವರಿಗೆ ಎಲ್ಲ ಸದ್ದೂ ಚೆಂದ ಕೇಳುತ್ತದೆ ಎನ್ನುತ್ತಿದ್ದರು. ಬೇವಿನ ಗಿಡದ ಕೆಳಗೆ ಹೊರಸು ಹಾಕಿ ಅವ್ವನನ್ನು ಕೂರಿಸಿದರು.

"ಅವ್ವಾ, ಈ ಸದ್ದು ಎಲ್ಲಿ ತ್ರಾಸ್ ಕೊಡ್ತದರಿ? ರಸ್ತಾದಾಗೋ, ಊರಾಗೋ?"

ಅವ್ವ ನನ್ನ ಮುಖ ನೋಡಲಿಲ್ಲ. "ರಸ್ತಾದಾಗ ಏನಿಲ್ಲಪಾ, ಓಣ್ಯಾಗ. ಇವ ಚಾಲೂ ಮಾಡಿದ್ನಂದ್ರ ಮಂದಿ ಎಲ್ಲಾ ಬಾಗ್ಲಿಗಿ ಬರ್ತಾರ. ಹೊಂಟಾವ್ರಿಗಿ ಎಲ್ಲಿಗಿ ಅಂತ ಕೇಳಬಾರ್ದು, ಇವ್ರು ಕೇಳ್ತಾರ. ಕೇಳಲಾರ್ದಾವ್ರು, ನಾ ತಿರುಗಿ ಬರ್ತೀನೋ ಇಲ್ಲೋ ಅನ್ನಂಗ ನೋಡ್ತಾರ."

ತಲೆನೋವೂ ಅಲ್ಲ, ಮಣ್ಣೂ ಅಲ್ಲ. ಮಗನಾಗಿ ನಾನು ಒಂದು ಸಲವೂ ಹೀಗೆ ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ.

ಚಾಚಾ ಪೈಪು ಕೊಯ್ದು ಪಕ್ಕದಲ್ಲಿ ಇನ್ನೊಂದು ಡಬ್ಬಿ ಬೆಸೆದು, ಒಳಗೊಂದು ಮುಚ್ಚಳ ಕೂರಿಸಿದರು. ಮುಚ್ಚಳಕ್ಕೆ ಹಳೇ ಸ್ಕೂಟರಿನ ತಂತಿ, ತಂತಿಯ ತುದಿಗೆ ಒಂದು ಗುಂಡಿ. ಎಳೆದರೆ ಮುಚ್ಚಳ ಬಿದ್ದು, ಹೊಗೆ ಆ ಡಬ್ಬಿ ಸುತ್ತಿ ಹೋಗುತ್ತದೆ, ಸದ್ದು ಇಳಿಯುತ್ತದೆ; ಒತ್ತಿದರೆ ಮತ್ತೆ ಮೊದಲಿನ ಸದ್ದು. ಮೂರು ಸಲ ಚಾಲೂ ಮಾಡಿ "ಈಗ?" ಎಂದರು. ಎರಡು ಸಲ ಅವ್ವ "ಇನ್ನಾ ಇಳಸ್ರಿ" ಎಂದಳು. ಗುಂಡಿಯನ್ನು ಆಕೆ ಕೂರುವ ಕಡೆ ಬಿಗಿದದ್ದು ನೋಡಿ ನಾನು, "ಚಾಚಾ, ನನ್ನ ಕಡಿ ಇಡಬೇಕಿಲ್ಲೇನ್ರಿ?" ಎಂದೆ.

"ನಿಮ್ಮ ಕಡಿ ಇಟ್ರ ನೀವು ಎಳೀತೀರೇನ್ರಿ ಮಾಸ್ತರ?"

ಮುಂದಿನ ಸಲ ಹೊರಡುವಾಗ ಅವ್ವ ಗುಂಡಿ ಎಳೆದಳು. ಓಣಿ ದಾಟಿದೆವು, ಒಂದು ಬಾಗಿಲೂ ತೆರೆಯಲಿಲ್ಲ. ಊರ ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಬಿಡ್ಲೇನು ನಿನ್ನ ಹುಲಿನ?" ಎಂದು ಗುಂಡಿ ಒತ್ತಿದಳು. ಎಷ್ಟೋ ದಿನಕ್ಕೆ ಆಕೆ ನಕ್ಕದ್ದು ಕಂಡು ನನ್ನ ಕಣ್ಣು ತುಂಬಿದವು. ಆ ಚಾಚಾರ ಹೊಟ್ಟೆ ತಣ್ಣಗಿರಲಿ.

ಸಂಜೆ ವಾಪಸು ಬಂದೆವು. ಓಣಿಯ ಬಾಯಿಯಲ್ಲಿ ವೇಗ ತಗ್ಗಿಸಿ ಕಾದೆ. ಅವ್ವನ ಕೈ ಮಡಿಲಲ್ಲೇ ಇತ್ತು.

"ಯವ್ವಾ, ಓಣಿ ಬಂತು. ಗುಂಡಿ ಎಳಿ."

"ಇರ್ಲಿ ಬಿಡು," ಎಂದಳು. "ಬಂದೀನಂತ ಎಲ್ಲಾರಿಗೂ ಗೊತ್ತಾಗ್ಲಿ."