ಮೂಲೆಯಲ್ಲಿ ನಿಂತ ಗಾಳಿ

ಸಿಟ್ಟು ಬಂದರೆ ಲ್ಯಾಬ್ ಮೇಡಂ ಬಲಗೈ ಹೆಬ್ಬೆರಳಿನ ಉಗುರನ್ನು ಕಂಪ್ಯೂಟರಿನ ಪರದೆಗೆ ಒತ್ತಿ ಹಿಡಿಯುತ್ತಿದ್ದರು. ಒತ್ತಿದಲ್ಲಿ ಬಣ್ಣ ಕದಡಿ ಕಪ್ಪು ಕಲೆ ಏಳುತ್ತಿತ್ತು. ನಮ್ಮ ಲ್ಯಾಬಿನ ಮೂರು ಪರದೆಗಳಲ್ಲಿ ಅದು ಅಳಿಯದೆ ಉಳಿದಿದೆ. ಒಂದು ನನ್ನಿಂದಾಗಿ ಬಿದ್ದದ್ದು.

ಅವರು ಸುಳ್ಯ ಕಡೆಯವರು. ದಿನಾ ಬಸ್ಸಿನಲ್ಲಿ ಪುತ್ತೂರಿಗೆ ಬರುತ್ತಿದ್ದರು. ಪಾಠ ಮಾಡುವ ಹುದ್ದೆ ಅವರದಲ್ಲ, ಲ್ಯಾಬ್ ನೋಡಿಕೊಳ್ಳುವುದಷ್ಟೇ ಕೆಲಸ. ಆದರೆ ಗಾಳಿ ನೀರುಗಳ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆ ಇಡೀ ವಿಭಾಗದಲ್ಲಿ ಅವರೊಬ್ಬರಿಗೇ ಸರಿಯಾಗಿ ಗೊತ್ತಿತ್ತು. ವಿಭಾಗದ ಮುಖ್ಯಸ್ಥರಿಗೂ ಅದು ತಿಳಿದಿತ್ತು. ಅದೇ ತೊಂದರೆಯಾದದ್ದು.

ನನ್ನ ಕೊನೆಯ ವರ್ಷದ ಪ್ರಾಜೆಕ್ಟು ನೆಲ್ಯಾಡಿಯ ಕೆಲವು ಬೆಳೆಗಾರರಿಗಾಗಿ ರಬ್ಬರ್ ಶೀಟು ಒಣಗಿಸುವ ಬಿಸಿಗಾಳಿಯ ಕೋಣೆ. ಗಾಳಿ ಹರಿಯುವ ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸಬೇಕು. ಆ ಕೋಶಗಳ ಬಲೆಗೆ ಮೆಶ್ ಎನ್ನುತ್ತೇವೆ. ಗೋಡೆಗೆ ಅಂಟಿದ ಗಾಳಿ ಚಲಿಸುವುದಿಲ್ಲ, ಸ್ವಲ್ಪ ಆಚೆಯದು ಓಡುತ್ತದೆ. ಆ ಅಂತರವನ್ನು ಹಿಡಿಯಲು ಗೋಡೆಯುದ್ದಕ್ಕೂ ಪತ್ರೊಡೆಗೆ ಒಂದರ ಮೇಲೊಂದು ಹಚ್ಚುವ ಕೆಸುವಿನ ಎಲೆಗಳಂತೆ ತೆಳ್ಳಗಿನ ಪದರಗಳನ್ನು ಕೂರಿಸಬೇಕು. ಕಷ್ಟ ಬರುವುದು ಮೂಲೆಯಲ್ಲಿ. ಎರಡು ಗೋಡೆಗಳ ಪದರಗಳು ಅಲ್ಲಿ ಡಿಕ್ಕಿ ಹೊಡೆದು ಮುದ್ದೆಯಾಗುತ್ತವೆ. ಹಾಗಾದಾಗ ಸಾಫ್ಟ್‌ವೇರ್ ಸದ್ದಿಲ್ಲದೆ ಪದರಗಳನ್ನು ಅಳಿಸಿಬಿಡುತ್ತದೆ. ನನ್ನದರಲ್ಲೂ ಅಳಿಸಿತ್ತು. ಗಾಳಿಯ ಹರಿವಿನ ಚಿತ್ರ ಮಾತ್ರ ಚೆಂದ ಬಂದಿತ್ತು.

"ಇಲ್ಲಿದ್ದ ಪದರ ಎಲ್ಲಿ ಹೋಯ್ತು?" ಮೇಡಂ ಕೇಳಿದರು.

"ಸಾಫ್ಟ್‌ವೇರೇ ತೆಗೆದದ್ದು ಮೇಡಂ. ಚಿಕ್ಕ ಮೂಲೆ ಅಲ್ವಾ."

ಉಗುರು ಪರದೆಗೆ ಬಿತ್ತು. "ನಿಂಗೆ ಕಣ್ಣ್ ಉಟ್ಟಾ?" ಕಣ್ಣಿದೆಯಾ ಎಂದು ಕೇಳಿದ್ದು; ಸಿಟ್ಟು ನೆತ್ತಿಗೇರಿದರೆ ಅವರಿಗೆ ಮನೆಯ ಅರೆಭಾಷೆಯೇ ಬರುತ್ತಿತ್ತು. "ಗಾಳಿ ಕೈಕೊಡುದೇ ಮೂಲೆಯಲ್ಲಿ. ನೀನು ಅದನ್ನೇ ನೋಡದೆ ಬಿಟ್ಟಿದ್ದಿ."

ಅವರು ನೇರ ಮುಖ್ಯಸ್ಥರ ಕೋಣೆಗೆ ನಡೆದರು. ನಾನು ಹಿಂದೆ ಹೋದೆ. ಒಂದು ವಾರ ಕೊಡಿ, ಈ ಲೆಕ್ಕ ತಪ್ಪು ಎಂದು ದನಿ ಏರಿಸಿ ಹೇಳಿದರು. ಮುಖ್ಯಸ್ಥರು ತಲೆಯೆತ್ತಲಿಲ್ಲ. "ನೀವು ಲ್ಯಾಬ್ ನೋಡಿಕೊಳ್ಳಿ. ಗೈಡ್ ನಾನು. ಚಿತ್ರ ಚೆನ್ನಾಗೇ ಉಂಟು."

ಮೇಡಂ ನನ್ನ ಕಡೆ ತಿರುಗಿದರು. ಹೌದು ಸರ್, ಪದರ ಬಿಟ್ಟುಹೋಗಿದೆ ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ನೆಲ ನೋಡಿದೆ.

ಆ ಲೆಕ್ಕದಂತೆಯೇ ನೆಲ್ಯಾಡಿಯಲ್ಲಿ ಒಣಗಿಸುವ ಕೋಣೆ ಕಟ್ಟಿದರು. ಮಳೆಗಾಲ ಶುರುವಾದ ಮೇಲೆ ಅಲ್ಲಿನ ಬೆಳೆಗಾರರಲ್ಲಿ ಎಲ್ಲರೂ ಚೇಚಿ ಎನ್ನುತ್ತಿದ್ದ ಮಲಯಾಳಿ ಹೆಂಗಸೊಬ್ಬರು ಬೂಸ್ಟು ಹಿಡಿದ ಶೀಟುಗಳನ್ನು ಹೊತ್ತು ಕಾಲೇಜಿಗೇ ಬಂದರು. ಎಲ್ಲ ಒಂದೇ ಮೂಲೆಯವು. ಮುಖ್ಯಸ್ಥರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಬಂತು. ಅವರು ಮೀಟಿಂಗಿನಲ್ಲಿರಲಿಲ್ಲ, ಬಾಗಿಲು ಹಾಕಿಕೊಂಡು ಕುಳಿತಿದ್ದರು. ಚೇಚಿಯ ಬೈಗುಳವನ್ನೆಲ್ಲ ಲ್ಯಾಬಿನ ಮಧ್ಯೆ ನಿಂತು ಕೇಳಿಸಿಕೊಂಡವರು ಮೇಡಂ.

ಆಮೇಲೆ ಮೂರು ದಿನ ನನ್ನನ್ನು ಆ ಒಂದು ಮೂಲೆಯ ಮುಂದೆ ಕೂರಿಸಿದರು. "ಪುಸ್ತಕಕ್ಕೆ ಬೈಂಡ್ ಹಾಕುವಾಗ ಮೂಲೆಯನ್ನು ಓರೆ ಮಡಚುದಿಲ್ವಾ ನೀನು? ಹಾಗೆ ಮಾಡು. ಕೋನವನ್ನು ಸಮ ಪಾಲು ಮಾಡು, ಎರಡು ಕಡೆಯ ಪದರ ಆ ಗೆರೆಯಲ್ಲೇ ಸೇರ್ಬೇಕು." ಸೇರಲಿಲ್ಲ. ಕೋಶಗಳು ತಿರುಚಿಕೊಂಡವು. ಅವರು ಅಳಿಸಿದರು, ನಾನು ಮತ್ತೆ ಕೂರಿಸಿದೆ. ಮೂರನೆಯ ದಿನ ಮಧ್ಯಾಹ್ನ ಪದರಗಳು ಮುರಿಯದೆ ಮೂಲೆ ದಾಟಿದವು. ಲೆಕ್ಕ ಓಡಿಸಿದೆವು. ತಿರುವಿನಲ್ಲಿ ಗಾಳಿ ಗೋಡೆ ಬಿಟ್ಟು ಆಚೆ ಹಾರುತ್ತಿತ್ತು, ಅದರ ಹಿಂದಿನ ಗಾಳಿ ಸತ್ತು ನಿಂತಿತ್ತು. ಶೀಟು ಬೂಸ್ಟು ಹಿಡಿದ ಜಾಗವೇ ಅದು.

ಮೇಡಂ ರಜೆ ಹಾಕಿ ನನ್ನನ್ನು ನೆಲ್ಯಾಡಿಗೆ ಕರೆದುಕೊಂಡು ಹೋದರು. ತಿರುವಿನೊಳಗೆ ಬಾಗಿಸಿದ ತಗಡು ಕೂರಿಸಿದೆವು. ಆಮೇಲೆ ಮೇಡಂ ನನ್ನನ್ನು ಚೇಚಿಯ ಮುಂದಕ್ಕೆ ದೂಡಿ, "ಕ್ಷಮೆ ಕೇಳು" ಎಂದರು. ಕೇಳಿದೆ. "ಶೀಟು ಒಣಗಿದ್ರೆ ಸಾಕು ಮೋಳೇ" ಎಂದರು ಚೇಚಿ, ಮಗಳನ್ನು ಕರೆದಂತೆ. ಮುಂದಿನ ಶೀಟುಗಳು ಒಣಗಿದವು.

ಆ ಮೂಲೆಯ ಕೆಲಸ ಸಂಶೋಧನಾ ಪತ್ರಿಕೆಯಲ್ಲಿ ಲೇಖನವಾಗಿ ಬಂದಾಗ ಹೆಸರು ಎರಡೇ ಇದ್ದವು, ಮುಖ್ಯಸ್ಥರದು ಮತ್ತು ನನ್ನದು. ಮೇಡಂಗೆ ಇಂಥದೆಲ್ಲ ಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಆ ಹಾಳೆಯನ್ನು ನನ್ನ ಮುಂದಿಟ್ಟು ಕೇಳಿದರು: "ಹೆಸರು ಬೇಡ ಅಂತ ನಾನು ನಿನ್ನತ್ರ ಯಾವಾಗ ಹೇಳಿದ್ದೇನೆ?"

ಆ ಲೇಖನದ ಬಲದಿಂದಲೇ ನನಗೆ ಅದೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನಾನು ಲೆಕ್ಚರರ್, ಅವರು ಲ್ಯಾಬಿನಲ್ಲೇ. ಕೆಲಸದ ಮಾತು ಬಿಟ್ಟು ಬೇರೆ ಮಾತು ಅವರು ನನ್ನೊಡನೆ ಆಡಲಿಲ್ಲ.

ಕಳೆದ ವರ್ಷ ಕಾಯಿಲೆಯಿಂದ ಅವರು ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಮುಖ್ಯಸ್ಥರು ಮೈಕ್ ಹಿಡಿದು, "ಸಹನೆಯ ಮೂರ್ತಿ. ಒಂದು ದಿನವೂ ದನಿ ಏರಿಸಿದವರಲ್ಲ" ಎಂದರು.

ನನಗೆ ಮೈ ಉರಿಯಿತು. ಕೆಲಸ ಕದ್ದದ್ದಾಯಿತು, ಹೆಸರು ಕದ್ದದ್ದಾಯಿತು, ಈಗ ಅವರ ಸಿಟ್ಟನ್ನೂ ಕದಿಯುತ್ತಿದ್ದಾರೆ. ಎದ್ದು ನಿಂತೆ.

"ಸುಳ್ಳು ಸರ್. ನಿಮ್ಮ ಕೋಣೆಯಲ್ಲೇ ಏರಿಸಿದ್ರು. ನೀವು ಕೇಳಲಿಲ್ಲ."

"ಇದು ಸಂದರ್ಭ ಅಲ್ಲ. ಕೂತ್ಕೊಳ್ಳಿ."

ಕೂರಲಿಲ್ಲ. ನೆಲ್ಯಾಡಿಯದು, ಲೇಖನದ್ದು, ನಾನು ನೆಲ ನೋಡಿ ನಿಂತದ್ದು, ಎಲ್ಲವನ್ನೂ ಹೇಳಿದೆ. ಸಭೆ ಅಲ್ಲಿಗೇ ಮುಗಿಯಿತು. ಜನ ನನ್ನ ಮುಖ ನೋಡದೆ ಹೊರಗೆ ಹೋದರು. ಸುಳ್ಯದಿಂದ ಬಂದಿದ್ದ ಮೇಡಂನ ಅಕ್ಕ ಮಾತ್ರ ಹತ್ತಿರ ಬಂದರು. ಕೈ ಹಿಡಿಯುತ್ತಾರೆ ಅಂದುಕೊಂಡೆ.

"ಅವಳು ಇರುವಾಗ ಹೇಳುದಲ್ವಾ ಮಾರಾಯ್ತಿ?" ಎಂದರು.