ಗೊಗ್ಗರು ದನಿಯ ವಿಮರ್ಶಕ

ನಾನು ದನದ ಡಾಕ್ಟರು. ಔರಾದ್ ತಾಲ್ಲೂಕಿನ ಸಂತಪುರದ ಸುತ್ತಲಿನ ಹಳ್ಳಿಗಳಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಪ್ರತಿ ಶುಕ್ರವಾರ ಸಂಜೆ ಬೀದರಿನ ನಮ್ಮ ಮನೆಯ ಮಾಳಿಗೆ ಹತ್ತಿ, ಬಾಗಿಲು ಹಾಕಿಕೊಂಡು ಇನ್ನೊಂದು ಕೆಲಸ ಮಾಡುತ್ತೇನೆ. ಗಾಬರಿಯಾಗಬೇಡಿ, ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಆ ವಾರ ಬಿಡುಗಡೆಯಾದ ಡೆತ್‌ಕೋರ್ ಆಲ್ಬಮ್‌ಗಳನ್ನು ಕೇಳಿ ಕನ್ನಡದಲ್ಲಿ ವಿಮರ್ಶೆ ಬರೆಯುತ್ತೇನೆ. ಇದಕ್ಕಿಂತ ಇಸ್ಪೀಟೇ ವಾಸಿಯಾಗಿತ್ತು ಎಂಬುದು ನನ್ನ ಹೆಂಡತಿ ಜಗದೇವಿಯ ಅಭಿಪ್ರಾಯ. ಇಸ್ಪೀಟಿನಲ್ಲಾದರೆ ನಾಲ್ಕು ಜನ ಕೂತು ಮಾತಾಡುತ್ತಾರಲ್ಲ ಎನ್ನುವುದು ಅವಳ ವಾದ.

ಈ ಹೆಸರನ್ನೇ ಕೇಳದ ಪುಣ್ಯವಂತರಿಗಾಗಿ ಎರಡು ಮಾತು. ಡೆತ್ ಮೆಟಲ್ ಎಂಬ ಸಂಗೀತವೂ ಹಾರ್ಡ್‌ಕೋರ್ ಎಂಬ ಸಂಗೀತವೂ ಕೂಡಿ ಹುಟ್ಟಿದ ಮಗು ಡೆತ್‌ಕೋರ್. ತಾಯಿ ತಂದೆ ಇಬ್ಬರೂ ಸಿಟ್ಟಿನವರಾದ್ದರಿಂದ ಮಗುವಿಗೆ ಸಿಟ್ಟು ಎರಡೂ ಕಡೆಯಿಂದ ಬಂದಿದೆ. ನಮ್ಮ ಹಲಿಗೆಯವರು ಮೆರವಣಿಗೆ ಮುಗಿಯುವ ಹೊತ್ತಿಗೆ ಮುಟ್ಟುವ ವೇಗದಲ್ಲಿ ಇವರ ಡ್ರಮ್ಮು ಶುರುವಾಗುತ್ತದೆ. ನಡುವೆ ಒಮ್ಮೆ ಎಲ್ಲವೂ ತಟಕ್ಕನೆ ನಿಧಾನವಾಗಿ ಒಂದೊಂದೇ ಪೆಟ್ಟು ನೇರವಾಗಿ ಎದೆಗೆ ಬೀಳುತ್ತದೆ, ಅದಕ್ಕೆ ಬ್ರೇಕ್‌ಡೌನ್ ಎನ್ನುತ್ತಾರೆ. ಇದರಲ್ಲಿ ಟೆಕ್ನಿಕಲ್ ಪಂಗಡದ ಗಿಟಾರಿನವರ ಬೆರಳು ಕಣ್ಣಿಗೆ ಕಾಣದಷ್ಟು ಬೇಗ ಓಡುತ್ತವೆ. ಮೆಲೋಡಿಕ್ ಪಂಗಡದಲ್ಲಿ ಅಷ್ಟು ಗದ್ದಲದ ನಡುವೆಯೂ ಒಂದು ರಾಗ ತಲೆಯೆತ್ತಿ ನಿಲ್ಲುತ್ತದೆ. ನಾನು ಈ ಎರಡೂ ಪಂಗಡಗಳ ಭಕ್ತ. ಇನ್ನು ಹಾಡುಗಾರ. ಅವನು ನಾವು ತಿಳಿದ ಅರ್ಥದಲ್ಲಿ ಹಾಡುವುದೇ ಇಲ್ಲ. ಗಂಟಲಿನ ತಳದಿಂದ ಗುಡುಗುತ್ತಾನೆ, ಮಧ್ಯೆ ಕಿರುಚುತ್ತಾನೆ, ಉಸಿರು ಮುಗಿದ ಮೇಲೂ ಸ್ವಲ್ಪ ಹೊತ್ತು ಗೊರಗುಡುತ್ತಾನೆ. ತಂಡದ ಹೆಸರೇನೆಂದು ಆಲ್ಬಮ್ಮಿನ ರಟ್ಟಿನ ಮೇಲೆ ನೋಡಿದರೆ ಹೊಲದ ಬದುವಿಗೆ ಜಾಲಿ ಮುಳ್ಳು ಒಟ್ಟಿದ ಹಾಗೆ ಏನೋ ಇರುತ್ತದೆ. ಎಷ್ಟೋ ತಂಡಗಳ ಹೆಸರು ನನಗೆ ಗೊತ್ತಾಗಿದ್ದು ವಿಮರ್ಶೆ ಬರೆದು ಮುಗಿಸಿದ ಮೇಲೆ.

ಈ ಚಟ ಹತ್ತಿದ್ದು ಪಶುವೈದ್ಯ ಕಾಲೇಜಿನ ಹಾಸ್ಟೆಲಿನಲ್ಲಿ. ನನ್ನ ಕೋಣೆಯಲ್ಲಿದ್ದ ಹುಡುಗ ಶಿಲ್ಲಾಂಗ್‌ನವನು. ನಾನು ಅವನಿಗೆ ಜೋಳದ ರೊಟ್ಟಿ ಮುರಿದು ತಿನ್ನುವುದನ್ನು ಕಲಿಸಿದೆ, ಅವನು ನನಗೆ ಹೆವಿ ಮೆಟಲ್ ಕೇಳುವುದನ್ನು ಕಲಿಸಿದ. ಯಾರಿಗೆ ಹೆಚ್ಚು ಲಾಭವಾಯಿತೆಂದು ಹೇಳಲಾರೆ. ವಿಮರ್ಶೆ ಶುರುವಾಗಿದ್ದು ಬಹಳ ಆಮೇಲೆ, ಹುಬ್ಬಳ್ಳಿಯ ಒಬ್ಬ ತರುಣ ನಡೆಸುವ ವೆಬ್‌ಸೈಟಿಗೆ. ಓದುವವರು ಬಹಳ ಕಡಿಮೆ, ಆದರೆ ಇರುವವರು ಗಟ್ಟಿಗರು. ಒಮ್ಮೆ ಸ್ವೀಡನ್ನಿನ ಒಬ್ಬ ಹಾಡುಗಾರನ ಬಗ್ಗೆ ಬರೆಯುತ್ತ, ಇವನ ಕೆಳದನಿ ಬೆಳಿಗ್ಗೆ ಮೇವು ತಡವಾದಾಗ ನಮ್ಮ ಕಡೆಯ ದೇವಣಿ ತಳಿಯ ಹೋರಿ ಕೂಗುವ ಹಾಗಿದೆ ಎಂದು ಮನಃಪೂರ್ವಕ ಹೊಗಳಿದ್ದೆ. ಅವನು ಅದನ್ನು ಯಾವುದೋ ಯಂತ್ರದಿಂದ ಅನುವಾದ ಮಾಡಿಸಿ ಓದಿಕೊಂಡು, ಧನ್ಯವಾದ ಹೇಳಿ, ಆ ಹೋರಿಯ ಫೋಟೋ ಕಳಿಸುತ್ತೀರಾ ಎಂದು ಕೇಳಿದ. ನಾನು ಸಂತಪುರದಲ್ಲಿ ಫೋಟೋ ತೆಗೆಯಲು ನಿಂತರೆ ಹೋರಿಯ ಯಜಮಾನರು, “ಫಾರಿನ್‌ನವರಿಗಿ ನಮ್ಮ ಹೋರಿ ಯಾಕ ಬೇಕಾಗ್ಯದ್ರಿ ಸಾಹೇಬ್ರ? ನಾ ಅಂತೂ ಕೊಡಂಗಿಲ್ಲ ನೋಡ್ರಿ,” ಎಂದರು. ಇವನ ಹಾಗೆ ಹಾಡುವವನೊಬ್ಬ ಅಲ್ಲಿದ್ದಾನೆ ಎಂದು ವಿವರಿಸಲು ಹೋಗಿ, ಅವರ ಮುಖ ನೋಡಿ ಸುಮ್ಮನಾದೆ.

ನನ್ನ ವೃತ್ತಿಗೂ ಈ ಹುಚ್ಚಿಗೂ ಒಂದು ಹಳೆಯ ಜಗಳವಿದೆ. ದನದ ಡಾಕ್ಟರಿಗೆ ಕಿವಿಯೇ ಅರ್ಧ ವಿದ್ಯೆ. ದನ ತನ್ನ ನೋವನ್ನು ಹೇಳುವುದಿಲ್ಲ, ದನಿ ಹೇಳುತ್ತದೆ. ಇದ್ದಕ್ಕಿದ್ದಂತೆ ನಾಯಿಯ ಬೊಗಳು ಒಡಕಾಯಿತು, ಆಕಳ ಕೂಗು ಗೊಗ್ಗರಾಯಿತು ಎಂದು ಯಾರಾದರೂ ಹೇಳಿದರೆ ನಾವು ಮೊದಲು ಮಾಡುವ ಕೆಲಸ ನಾಲ್ಕು ಹೆಜ್ಜೆ ಹಿಂದೆ ಸರಿಯುವುದು, ಯಾಕೆಂದರೆ ಹುಚ್ಚುನಾಯಿ ರೋಗ ಎಷ್ಟೋ ಸಲ ತನ್ನ ಸುದ್ದಿಯನ್ನು ಗಂಟಲಿನಿಂದಲೇ ಕಳಿಸುತ್ತದೆ. ಹೀಗೆ ವಾರವಿಡೀ ಬದಲಾದ ದನಿಗೆ ಅಂಜುವ ಮನುಷ್ಯ ಶುಕ್ರವಾರ ಅದಕ್ಕಾಗಿಯೇ ಕಾದು ಕೂಡುತ್ತಾನೆ. ಯಾಕೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಹೋದ ವರ್ಷ ಗೊತ್ತಾಯಿತು. ಅದನ್ನು ಹೇಳಲಿಕ್ಕೇ ಇಷ್ಟು ಸುತ್ತಿಬಂದೆ.

ಜಗದೇವಿ ಬಗದಲ್‌ನಲ್ಲಿ ಸರ್ಕಾರಿ ಶಾಲೆಯ ಟೀಚರು. ಅವಳದು ಬಹಳ ಒಳ್ಳೆಯ ದನಿ, ಇದು ಗಂಡನ ಮಾತಲ್ಲ, ವಿಮರ್ಶಕನ ಮಾತು. ನಮ್ಮ ಓಣಿಯಲ್ಲಿ ವಾರಕ್ಕೊಮ್ಮೆ ಹೆಂಗಸರು ಕೂಡಿ ವಚನ ಹಾಡುವಾಗ ಎತ್ತಿಕೊಡುವವಳು ಅವಳೇ. ಭಾಲ್ಕಿಯಲ್ಲಿರುವ ಅವಳ ತವರಿನ ಕಡೆ ಮದುವೆ, ಕುಬಸ, ತೊಟ್ಟಿಲು ಯಾವುದಾದರೂ ಮೊದಲ ಹಾಡು ಅವಳದೇ. ಹೋದ ವರ್ಷ ಅವಳ ಗಂಟಲಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡಿತು. ಬೀದರಿನಲ್ಲೇ ಆಪರೇಷನ್ ಆಯಿತು. ಆ ಗಂಟಿಗೆ ಒತ್ತಿಕೊಂಡೇ ಧ್ವನಿಯ ನರ ಹೋಗುತ್ತದೆ, ಎಷ್ಟು ಜಾಗ್ರತೆ ಮಾಡಿದರೂ ದನಿಗೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಗಂಟು ಕೆಟ್ಟದ್ದಲ್ಲ ಎಂಬ ವರದಿ ಬಂದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ದನಿಯ ವಿಷಯ ಆ ಹೊತ್ತಿಗೆ ತಲೆಯಲ್ಲಿಯೇ ಇರಲಿಲ್ಲ.

ದನಿಗೆ ಪೆಟ್ಟಾಗಿತ್ತು. ಒಂದು ಕಡೆಯ ಧ್ವನಿತಂತು ಅಲ್ಲಾಡುತ್ತಿರಲಿಲ್ಲ. ತಿಂಗಳುಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು, ಆದರೆ ಮಾತಾಡಬೇಕು, ರೂಢಿ ಬಿಡಬಾರದು ಎಂದರು. ಜಗದೇವಿ ಒಂದು ಸಲ ಮಾತಾಡಿ ನೋಡಿ, ಹೊರಬಂದ ಸದ್ದನ್ನು ಕೇಳಿ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಕೈಸನ್ನೆ, ಚಪ್ಪಾಳೆ, ಇಲ್ಲವಾದರೆ ಮೊಬೈಲು. ನಾನು ಮಾಳಿಗೆಯ ಮೇಲಿದ್ದರೆ ಅಡುಗೆಮನೆಯಿಂದ ‘ಊಟ’ ಎಂದು ಸಂದೇಶ ಬರುತ್ತಿತ್ತು. ಯಾರದೋ ಗುಡುಗು ಕೇಳುತ್ತ ಕೂತವನಿಗೆ ಕೆಳಗಿನ ಆ ಸಪ್ಪಳವಿಲ್ಲದ ಮನೆ ಅಂಜಿಕೆ ಹುಟ್ಟಿಸುತ್ತಿತ್ತು.

ಒಂದು ಬೆಳಿಗ್ಗೆ ಅವಳು ಬಚ್ಚಲಿನ ಕಡೆ ಇದ್ದಾಗ ಒಲೆಯ ಮೇಲೆ ಹಾಲು ಉಕ್ಕಿತು. ಅವಸರದಲ್ಲಿ ಮರೆತು ಕೂಗಿಬಿಟ್ಟಳು, “ಹಾಲ ಉಕ್ಲಿಕತ್ತದ ನೋಡ್ರಿ.” ಒರಟಾಗಿ, ಆಳವಾಗಿ, ನಡುವೆ ಹರಿದು ಮತ್ತೆ ಕೂಡಿಕೊಂಡು ಬಂದ ದನಿ. ನನ್ನ ಮೈಮೇಲೆ ಮುಳ್ಳು ಎದ್ದವು. ಒಲೆಯ ಕಡೆ ಓಡುವುದು ಬಿಟ್ಟು ಅವಳ ಕಡೆ ಓಡಿದೆ. “ಇನ್ನೊಮ್ಮೆ ಅನ್ನು ಜಗದೇವಿ. ಏನ್ ತಳ ಅದ ನಿನ್ನ ಆವಾಜಿಗಿ. ಇಷ್ಟು ಕೆಳಗ ಇಳೀಲಿಕ್ಕಿ ಮಂದಿ ವರ್ಷಾನಗಟ್ಟಲೆ ಸಾಯ್ತಾರ,” ಎಂದೆ. ಒಬ್ಬ ಹೆಂಡತಿ ತನ್ನ ಹೋದ ದನಿಗಾಗಿ ಸಂಕಟಪಡುತ್ತಿರುವಾಗ ಲೋಕದ ಯಾವ ಗಂಡನೂ ಆಡದ ಮಾತು ಇದು. ಆಲ್ಬಮ್ ವಿಮರ್ಶೆ ಬರೆದು ಬರೆದು ಕೆಟ್ಟ ಬಾಯಿ ನನ್ನದು. ಅವಳು ನನ್ನನ್ನು ಒಮ್ಮೆ ನೋಡಿದಳು, ಒಲೆ ಆರಿಸಿದಳು, ಒಳಗೆ ಹೋದಳು. ಅಂದಿನಿಂದ ‘ಊಟ’ ಎಂಬ ಸಂದೇಶವೂ ನಿಂತಿತು.

ಮುಂದಿನ ವಾರ ಬಂದದ್ದು ಬೇರೆಯೇ ಸಂದೇಶ. ‘ಸಾಲಿ ಬಿಡ್ತೀನಿ. ಹುಡುಗ್ರು ಅಂಜ್ತಾವ.’ ಆಪರೇಷನ್ನಿಗೆಂದು ಹಾಕಿದ ರಜೆ ಮುಗಿಯಲು ತಿಂಗಳೂ ಉಳಿದಿರಲಿಲ್ಲ. ಶಾಲೆ ಬಿಟ್ಟರೆ ಅವಳು ಮನೆಯ ಹೊಸಿಲು ದಾಟುವುದನ್ನೂ ಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು. ಏನು ಹೇಳಿದರೂ ಸುಳ್ಳು ಸಮಾಧಾನ ಎನ್ನಿಸುತ್ತದೆ. ನಿಜ ಹೇಳಿದರೆ ಏನಾಗುತ್ತದೆಂದು ಆಗಲೇ ನೋಡಿಯಾಗಿತ್ತು. ಬೇರೆ ದಾರಿ ಕಾಣದೆ ಶುಕ್ರವಾರ ಮಾಳಿಗೆಗೆ ಹೋದೆ.

ಬಾಗಿಲು ಹಾಕಲು ಮರೆತಿದ್ದೆ. ಒಂದು ಮೆಲೋಡಿಕ್ ಆಲ್ಬಮ್, ಮೊದಲು ಪಿಯಾನೋ, ಆಮೇಲೆ ಸಿಡಿಲು. ಅರ್ಧ ಮುಗಿಯುವಾಗ ಜಗದೇವಿ ಹೊಸಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತಳು. ಹಾಡು ನಿಂತಾಗ, ಪಿಸುಮಾತಿಗಿಂತ ಸ್ವಲ್ಪ ಮೇಲೆ, ಆ ಗೊಗ್ಗರು ದನಿಯಲ್ಲಿ ಕೇಳಿದಳು, “ಇವನಿಗೂ ಆಪರೇಷನ್ ಆಗ್ಯದ ಏನ್ರಿ?”

ನಗು ಬಂತು, ತಡೆದುಕೊಂಡೆ. ಇಲ್ಲ, ಇವರು ಇದನ್ನು ಕಷ್ಟಪಟ್ಟು ಕಲಿಯುತ್ತಾರೆ, ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ, ಅವನ್ನು ನಡುಗಿಸಲು ಗುರುಗಳಿದ್ದಾರೆ, ಪಾಠಗಳಿವೆ, ಬಿಸಿನೀರಿನ ಪಥ್ಯವಿದೆ ಎಂದೆ.

“ಛಲೋ ಆವಾಜ ಇದ್ದವರು ರೊಕ್ಕ ಕೊಟ್ಟು ಕೆಡಿಸ್ಕೊತಾರ?”

“ಕೆಡಿಸ್ಕೊಳ್ಳೋದಲ್ಲ. ಕೆಲವು ಮಾತು ಛಲೋ ಆವಾಜಿನ್ಯಾಗ ಹೇಳಲಿಕ್ಕಿ ಬರಂಗಿಲ್ಲ.”

ಇದನ್ನು ಅವಳಿಗೆ ಸಮಾಧಾನವಾಗಲಿ ಎಂದು ಹೇಳಲಿಲ್ಲ. ಎಷ್ಟೋ ವಿಮರ್ಶೆಗಳಲ್ಲಿ ಬರೆದ ಸವಕಲು ಮಾತು, ಅಭ್ಯಾಸಬಲದಿಂದ ಬಂತು. ಅವಳು ಚಾಪೆಯ ಮೇಲೆ ಇನ್ನಷ್ಟು ಮುಂದೆ ಸರಿದು ಕೂತಳು. ಆಮೇಲೆ, “ಅದೇ ಹಾಡ ಇನ್ನೊಮ್ಮೆ ಹಚ್ರಿ,” ಎಂದಳು. ಕೊನೆಯಲ್ಲಿ ಗಿಟಾರಿನ ರಾಗ ಮೇಲೇರಿ ಅದರ ಕೆಳಗೆ ಗಂಟಲು ಹರಿಯುವ ಜಾಗ ಬಂದಾಗ, “ಇಲ್ಲಿ ಅಳ್ಲಿಕತ್ತಾನ ಇವ,” ಎಂದಳು. ನಾನು ಆ ಜಾಗಕ್ಕೆ ‘ಅದ್ಭುತ ವೇಗ’ ಎಂದು ಬರೆದಿದ್ದೆ. ಹೊಡೆದುಹಾಕಿದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿರಾ? ಮನೆಯಲ್ಲಿ ನನ್ನೊಬ್ಬನ ಜೊತೆ ನಾಲ್ಕು ಮಾತು ಶುರುವಾಯಿತು, ಅಷ್ಟೇ. ಹೊರಗಿನ ಮನುಷ್ಯರು ಬಾಗಿಲು ತಟ್ಟಿದರೆ ಮತ್ತೆ ಮೂಕಿ. ಅಷ್ಟರಲ್ಲಿ ಭಾಲ್ಕಿಯಲ್ಲಿ ಅವಳ ಅಣ್ಣನ ಮಗಳ ಕುಬಸ ಬಂತು. ತಾನು ಮಾತಾಡುವುದಿಲ್ಲ, ಯಾರೂ ಒತ್ತಾಯ ಮಾಡಬಾರದು ಎಂಬ ಕರಾರಿನ ಮೇಲೆ ಜಗದೇವಿ ಹೊರಟಳು. ಅಲ್ಲಿ ಇಡೀ ದಿನ ನಕ್ಕಳು, ತಲೆಯಾಡಿಸಿದಳು, ಬಸುರಿಗೆ ಹಸಿರು ಬಳೆ ಇಡಿಸಿದಳು. ಹಾಡನ್ನು ಬೇರೆ ಯಾರೋ ಎತ್ತಿಕೊಂಡರು. ಹೆಂಗಸರೆಲ್ಲ ಅವಳ ಕೈ ಹಿಡಿದು ‘ಪಾಪ’ ಎಂದರು. ಒಬ್ಬೊಬ್ಬರು ಹಾಗೆ ಅಂದಾಗಲೂ ಅವಳು ಸೆರಗನ್ನು ಕುತ್ತಿಗೆಗೆ ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುವುದನ್ನು ನಾನು ಗಂಡಸರ ಪಂಕ್ತಿಯಿಂದ ನೋಡುತ್ತಿದ್ದೆ. ಈ ಹೆಂಗಸು ಶಾಲೆಗೆ ಮರಳುವುದಿಲ್ಲ ಎಂದು ಅಂದು ನನಗೆ ಖಾತ್ರಿಯಾಯಿತು.

ಸಂಜೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬೀದರ್ ಬಸ್ಸು ನಿಂತಿತ್ತು. ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ಪೇರಲ ಹಣ್ಣು ತರುತ್ತೇನೆಂದು ಇಳಿದೆ. ಮನಸ್ಸಿಗೆ ಬಹಳ ಬೇಜಾರಾಗಿತ್ತು, ಬೇಜಾರಾದಾಗ ನಾನು ಮಾಡುವುದು ಒಂದೇ ಕೆಲಸ. ಇಯರ್‌ಫೋನು ಸಿಕ್ಕಿಸಿಕೊಂಡು ಆ ವಾರದ ಟೆಕ್ನಿಕಲ್ ಆಲ್ಬಮ್ ಹಚ್ಚಿದೆ. ತಳ್ಳುಗಾಡಿಯ ಪಕ್ಕದಲ್ಲಿ ಹಣ್ಣಿನ ಚೀಲ ಹಿಡಿದು ನಿಂತಾಗ ಬ್ರೇಕ್‌ಡೌನ್ ಬಂತು. ಕಣ್ಣು ತಾವೇ ಮುಚ್ಚಿಕೊಂಡವು. ಆಗ ಆ ಪೆಟ್ಟುಗಳ ಮೇಲೆ ಹೊಸ ದನಿಯೊಂದು ಎದ್ದಿತು. ಎಂಥ ದನಿ. ಒರಟು, ಆಳ, ಅಂಚಿನಲ್ಲಿ ಹರಿದದ್ದು, ಆದರೆ ಒಳಗೆ ಕಬ್ಬಿಣ. ಅತಿಥಿ ಕಲಾವಿದರು ಯಾರೋ ಬಂದಿದ್ದಾರೆ, ಈ ವರ್ಷದ ಅತ್ಯುತ್ತಮ ಗಳಿಗೆ ಇದೇ ಎಂದು ಮನಸ್ಸಿನಲ್ಲಿಯೇ ವಿಮರ್ಶೆಯ ಮೊದಲ ಸಾಲು ಕಟ್ಟುತ್ತಿದ್ದೆ. ಆಮೇಲೆ ಹೊಳೆಯಿತು, ಅವರು ಹಾಡುತ್ತಿರುವುದು ಕನ್ನಡದಲ್ಲಿ.

“ನಿಲ್ಲಸ್ರೀ ಬಸ್, ನನ್ನ ಗಂಡ ಕೆಳಗ ಉಳದಾರ. ರೀ ಡಾಕ್ಟರ್, ಕಿವ್ಯಾಗಿಂದು ತಗೀರಿ.”

ಕಣ್ಣು ಬಿಟ್ಟರೆ ಬಸ್ಸು ಗೇಟಿನ ಹತ್ತಿರ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಜಗದೇವಿ. ಆಮೇಲೆ ತಿಳಿದದ್ದು: ಬಸ್ಸು ಹೊರಟಾಗ ಅವಳು ಮೊದಲು ಕಿಟಕಿಯ ಕೆಳಗಿನ ತಗಡು ಬಡಿದಳು, ನನ್ನ ಮೊಬೈಲಿಗೆ ಸಂದೇಶ ಕಳಿಸಿದಳು, ಹಿಂದೆ ಟಿಕೆಟ್ ಕೊಡುತ್ತಿದ್ದ ಕಂಡಕ್ಟರನಿಗೆ ಕೈ ಮಾಡಿದಳು, ಯಾವುದೂ ಫಲಿಸಲಿಲ್ಲ. ಉಳಿದದ್ದು ಗಂಟಲು ಒಂದೇ. ಇಡೀ ಸ್ಟ್ಯಾಂಡು ತಿರುಗಿ ನೋಡಿತು. ಡ್ರೈವರ್ ಹಾಕಿದ ಬ್ರೇಕಿಗೆ ನಿಂತವರೆಲ್ಲ ಮುಂದಕ್ಕೆ ಬಾಗಿದರು. ನಾನು ಪೇರಲ ಚೆಲ್ಲುತ್ತ ಓಡಿ ಹತ್ತಿದೆ. ಕಂಡಕ್ಟರ್ ನನ್ನನ್ನು ಬಿಟ್ಟು ಅವಳ ಕಡೆ ನೋಡಿ, “ಅಕ್ಕೋರ, ನಾ ಸೀಟಿ ಹೊಡದ್ರೂ ನಮ್ಮ ಡ್ರೈವರ್ ಇಷ್ಟ್ ಲಗೂ ನಿಲ್ಲಸಂಗಿಲ್ರಿ,” ಎಂದ. ಅವನ ಮಾತಿನಲ್ಲಿ ಇದ್ದದ್ದು ಮರ್ಯಾದೆ. ದಿನವಿಡೀ ಕೇಳಿದ ‘ಪಾಪ’ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಜಗದೇವಿ ಒಂದು ಕ್ಷಣ ತಾನು ಏನು ಮಾಡಿದೆ ಎಂಬಂತೆ ಗಂಟಲು ಮುಟ್ಟಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

ಬೈಗುಳ ಶುರುವಾಯಿತು. ತಿಂಗಳುಗಟ್ಟಲೆ ಕೂಡಿಟ್ಟದ್ದು. ಹಾಲು ಉಕ್ಕಿದ ದಿನದ್ದು ಮೊದಲು ಬಂತು, ಆಮೇಲೆ ಅದರ ಹಿಂದಿನ ವರ್ಷಗಳದ್ದು. ಪಕ್ಕದ ಸೀಟಿನ ಹೆಂಗಸಿಗೆ ನನ್ನ ಪೂರ್ತಿ ಚರಿತ್ರೆ ಹೇಳಿದಳು. ದನಿ ನಡುನಡುವೆ ಹರಿಯುತ್ತಿತ್ತು, ಉಸಿರಿಗೆ ನಿಲ್ಲುತ್ತಿದ್ದಳು, ಮತ್ತೆ ಎತ್ತಿಕೊಳ್ಳುತ್ತಿದ್ದಳು. ಬಸ್ಸಿನವರೆಲ್ಲ ಕೇಳುತ್ತಿದ್ದರು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಕೊನೆಗೆ, “ಸೋಮವಾರ ಸಾಲಿಗಿ ಹೋಗ್ತೀನಿ. ನಿಮ್ಮ ಜೊತಿ ಮನ್ಯಾಗ ಕುಂತ್ರ ನನಗ ಹುಚ್ಚ ಹಿಡೀತದ,” ಎಂದಳು.

ದಾರಿಯಲ್ಲಿ ಹಲಬರ್ಗಾ ಊರು ದಾಟಿತು. ನಾನು ಹುಂ ಎನ್ನುತ್ತ ಕೂತಿದ್ದೆ, ಕಣ್ಣು ಒದ್ದೆಯಾಗಿದ್ದವು. ಹೆಸರು ಓದಲಿಕ್ಕೂ ಬಾರದ ಆ ಮುಳ್ಳುಬೇಲಿಯ ತಂಡಗಳಿಗೆಲ್ಲ ಮನಸ್ಸಿನಲ್ಲಿಯೇ ಕೈಮುಗಿದೆ. ಎಲ್ಲಿಯೋ ಹಿಮ ಬೀಳುವ ಊರುಗಳಲ್ಲಿ ಕೂತು ಗಂಟಲು ಹರಿದುಕೊಂಡ ಆ ಹುಡುಗರು ಇಷ್ಟು ವರ್ಷ ನನ್ನ ಕಿವಿಯನ್ನು ಹದ ಮಾಡಿದ್ದರು. ಇಲ್ಲದಿದ್ದರೆ ನನ್ನ ಹೆಂಡತಿಯ ದನಿಗೆ ನಾನೂ ಎಲ್ಲರ ಹಾಗೆ ‘ಪಾಪ’ ಎಂದುಬಿಡುತ್ತಿದ್ದೆ. ಹಳೆಯ ದನಿ ಇನ್ನೂ ಮರಳಿಲ್ಲ, ಡಾಕ್ಟರು ಆಸೆ ಬಿಡಬೇಡಿ ಎನ್ನುತ್ತಾರೆ, ನಾವು ಬಿಟ್ಟಿಲ್ಲ. ಮರಳಿದರೆ ಸಂತೋಷ, ಮರಳದಿದ್ದರೂ ಮನೆಯಲ್ಲಿ ಮಾತಿದೆ. ಅಂದು ಮಾತ್ರ ಬೀದರ್ ಬಹಳ ಬೇಗ ಬಂದುಬಿಟ್ಟಿತು. ನನಗೆ ಇನ್ನೂ ಸ್ವಲ್ಪ ಬೈಸಿಕೊಳ್ಳುವ ಆಸೆಯಿತ್ತು.