ಸಿಂಬೆಯೊಳಗಿನ ಮೊಲ

ಎಡಕ್ಕೇ ಇರಬೇಕು. ಇಲ್ಲ, ಬಲಕ್ಕೆ. ನಾನು ಅದರ ಎದುರಿಗೆ ಕೂತು ನೋಡುತ್ತಿದ್ದದ್ದರಿಂದ ನನ್ನ ಬಲ ಅದರ ಎಡವಾಗಿರಬಹುದು. ನನ್ನ ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು ಮೇಲಿನಿಂದ ನೋಡುತ್ತಿದ್ದದ್ದರಿಂದ ಅವಳ ಎಡವೂ ಅದರ ಎಡವೂ ಒಂದೇ. "ಎಡಕ್ಕೆ ವಾಲಿತ್ತು ಕಣ್ರೀ" ಎಂದು ಅವಳು, "ಬಲಕ್ಕೆ" ಎಂದು ನಾನು, ಒಂದು ಆಯುಷ್ಯವಿಡೀ ಈ ಸಣ್ಣ ಜಗಳವನ್ನು ಆಡಿಕೊಂಡು ಬಂದೆವು. ಎದುರಿನಿಂದ ಬೇರೆ, ಮೇಲಿನಿಂದ ಬೇರೆ ಎಂಬ ಈ ವಿವರಣೆ ನನಗೆ ಹೊಳೆದದ್ದು ಅವಳು ತೀರಿಕೊಂಡ ಮೇಲೆ. ಅದಕ್ಕೇ ನನಗೆ ಇದರ ಮೇಲೆ ನಂಬಿಕೆಯಿಲ್ಲ. ಇಬ್ಬರದೂ ಸರಿ ಎಂದು ಮುಗಿಯುವ ಜಗಳವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊಲದ ಕತ್ತಿನ ಮಾತು ಇದು. ಮೊಲ ಅವಳದು. ಅವಳ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತರು. ಊರಿಗೆ ವಾಪಸಾಗುತ್ತಿದ್ದ ಒಬ್ಬ ಪರದೇಶದ ಇಂಜಿನಿಯರ್ ತಾನು ಸಾಕಿದ್ದ ಮೊಲಗಳನ್ನು ಕ್ವಾರ್ಟರ್ಸಿನ ಮನೆಗಳಿಗೆ ಹಂಚಿ ಹೋದನಂತೆ. ಒಂದು ಇವಳ ಪಾಲಿಗೆ ಬಂತು. ಬೇರೆಯವೆಲ್ಲ ನಾಯಿಗೋ ಬೆಕ್ಕಿಗೋ ಹೋದವು, ಇದು ಉಳಿಯಿತು. ಯುದ್ಧದ ವರ್ಷಗಳ ಒಂದು ವೈಶಾಖದಲ್ಲಿ ನಮ್ಮ ಮದುವೆಯಾಯಿತು. ಅವಳಿಗೆ ಆಗ ಇಪ್ಪತ್ತು ದಾಟಿತ್ತು, ಆ ಕಾಲಕ್ಕೆ ಅದು ತಡ. ಶಿವಮೊಗ್ಗದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದ ನನ್ನ ಮನೆಗೆ ಅವಳು ಬಂದ ವಾರದೊಳಗೆ ನಮ್ಮ ಮಾವನವರು ಬುಟ್ಟಿಯಲ್ಲಿ ಮೊಲವನ್ನೂ ತಂದುಬಿಟ್ಟರು. ನಮ್ಮಮ್ಮ ಬಾಗಿಲಲ್ಲಿ ನಿಂತು ಬುಟ್ಟಿಯೊಳಗೆ ಇಣುಕಿ, "ಬೇರೆಯವರ ಮನೇಲಿ ಬಳುವಳಿ ಅಂತ ಹಸು ಕೊಡ್ತಾರೆ. ನಮಗೆ ಇದು" ಎಂದಳು. ನಗುತ್ತಾ ಹೇಳಿದಳೋ ಸಿಟ್ಟಿನಲ್ಲೋ, ಈಗ ಮುಖ ನೆನಪಾಗುವುದಿಲ್ಲ, ಮಾತು ಮಾತ್ರ ಉಳಿದಿದೆ.

ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆ ಬಚ್ಚಲ ಮನೆಯ ಸೌದೆಯ ಪಕ್ಕದಲ್ಲಿ ಮೊಲ ತಲೆ ವಾರೆ ಮಾಡಿಕೊಂಡು ಕೂತಿತ್ತು. ಒಂದು ಕಿವಿ ನೆಲಕ್ಕೆ, ಒಂದು ಕಿವಿ ಮಾಡಿಗೆ. ನೆಲದೊಳಗೆ ಯಾರೋ ಮಾತಾಡುತ್ತಿದ್ದಾರೆ, ಇದು ಕೇಳಿಸಿಕೊಳ್ಳುತ್ತಿದೆ ಎಂದು ನನಗೆ ಅನ್ನಿಸಿತು. ಈ ಹೋಲಿಕೆ ಆಗ ಅನ್ನಿಸಿದ್ದಲ್ಲ, ಈಗ ಬರೆಯುವಾಗ ಬಂದದ್ದು, ಹೊಡೆದುಹಾಕಬೇಕು. ಆಗ ಅನ್ನಿಸಿದ್ದು ಇಷ್ಟೇ: ಕತ್ತು ಮುರಿದಿದೆ. ಹತ್ತಿರ ಹೋದೊಡನೆ ಅದು ನೆಗೆಯಲು ನೋಡಿತು. ನೆಗೆತ ಸುತ್ತಾಗಿ, ಸುತ್ತು ಉರುಳಾಗಿ, ಗೋಡೆಗೆ ಬಡಿಯುವ ತನಕ ಮೊಲ ಉರುಳಿತು. ಕಣ್ಣುಗುಡ್ಡೆಗಳು ಒಂದೇ ಸಮನೆ ಆ ಕಡೆ ಈ ಕಡೆ ಅದುರುತ್ತಿದ್ದವು.

ಅಮ್ಮ ಮಡಿಯಲ್ಲಿದ್ದಳು. ದೂರದಿಂದಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನು ಮೊಲವನ್ನು ಟವೆಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಹೋದೆ. ಹೊರಗೆ ಎತ್ತುಗಳು, ಒಂದು ಎಮ್ಮೆ, ಅವುಗಳ ನಡುವೆ ನಾನು.

"ಏನು ಮೇಷ್ಟ್ರೇ, ಸ್ಕೂಲಿಂದ ತಂದ್ರಾ?" ಎಂದರು ಡಾಕ್ಟರು.

"ಮನೇದು. ಹೆಂಡತಿ ಸಾಕಿದ್ದು."

ಅವರು ನಗು ನಿಲ್ಲಿಸಿ ಮೊಲದ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಕತ್ತು ಮುರಿದಿಲ್ಲ. ಕಿವಿ ಒಳಗಡೆ ಕೆಟ್ಟಿರಬೇಕು. ಅದಕ್ಕೀಗ ನೆಲ ಯಾವುದು, ಮೇಲೆ ಯಾವುದು ಗೊತ್ತಾಗ್ತಿಲ್ಲ. ನನ್ನ ಹತ್ರ ಔಷಧ ಇಲ್ಲ. ತಿನ್ನಿಸ್ತಾ ಇರಿ. ತಿನ್ನೋದು ನಿಂತರೆ ಮಾತ್ರ ಆಮೇಲೆ ಏನೂ ಮಾಡೋಕಾಗಲ್ಲ."

ಇದನ್ನು ಮನೆಯಲ್ಲಿ ಹೇಳಿದೆ. ಆ ದಿನಗಳಲ್ಲಿ ನನ್ನ ಹೆಂಡತಿ ನನ್ನೊಡನೆ ಮಾತಾಡುತ್ತಿದ್ದದ್ದು ಊಟಕ್ಕೆ ಏಳಿ, ನೀರು ಕಾದಿದೆ, ಇಷ್ಟೇ. ಒಳಗೆ ಹೋಗಿ ಒಂದು ಹಳೆಯ ಸೀರೆಯನ್ನು ಉದ್ದಕ್ಕೆ ಹುರಿ ಮಾಡಿ, ಸುತ್ತಿ ಸುತ್ತಿ, ದೊಡ್ಡದೊಂದು ಸಿಂಬೆ ಮಾಡಿದಳು. ಗುಂಡು ತಳದ ಕೊಡ ಉರುಳದಂತೆ ಕೆಳಗೆ ಇಡುತ್ತಾರಲ್ಲ, ಅಂಥದೇ, ಆದರೆ ಮೊಲದ ಅಳತೆಗೆ. ಮೊಲವನ್ನು ಅದರ ನಡುವೆ ಕೂರಿಸಿದಳು. ಉರುಳುವುದು ನಿಂತಿತು. ಅಮ್ಮ ನೋಡಿ, "ಬುದ್ಧಿ ಇದೆ ಹುಡುಗಿಗೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದ ತಿಂಗಳು. ಅಳಿಯನಾದವನು ಮಾವನ ಮನೆಯ ಹೊಸಿಲು ತುಳಿಯಬಾರದ ತಿಂಗಳು. ಅವಳನ್ನು ಕರೆದೊಯ್ಯಲು ಮಾವನವರು ಜಟಕಾದಲ್ಲಿ ಬಂದರು. ಅವಳು ಮೊಲವನ್ನು ಸಿಂಬೆ ಸಮೇತ ಬುಟ್ಟಿಯಲ್ಲಿಟ್ಟು ಗಾಡಿ ಹತ್ತಿದಳು. ಕುದುರೆ ಒಂದು ಹೆಜ್ಜೆ ಹಾಕಿದ್ದೇ ತಡ, ಬುಟ್ಟಿಯೊಳಗೆ ಮೊಲ ಹುಚ್ಚೆದ್ದಂತೆ ಸುತ್ತತೊಡಗಿತು. ಅವಳು ಇಳಿದಳು. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಆಗ ಅವಳು ನನಗೆ ಹೇಳಿದ್ದು, ಮದುವೆಯಾದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಉದ್ದ ಮಾತು.

"ಕೆಳಗಿನ ಕಣ್ಣು ನೆಲಕ್ಕೆ ಉಜ್ಜತ್ತೆ. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ದಿನಾ ಒರೆಸಿ. ಸೊಪ್ಪು ಎದುರಿಗೆ ಹಿಡಿದ್ರೆ ಅದಕ್ಕೆ ಸಿಗಲ್ಲ. ಬಾಯಿ ಪಕ್ಕಕ್ಕೆ ಹಿಡೀಬೇಕು, ಒಂದೊಂದೇ ಎಸಳು. ಜೋರಾಗಿ ಮಾತಾಡಬೇಡಿ. ನಾನು ಬರೋ ತನಕ ಇಟ್ಕೊಂಡಿರಿ."

ಕೊನೆಯ ಮಾತು ನನ್ನ ತಲೆಯಲ್ಲಿ ಕೂತಿತು. ಅವಳನ್ನು ಮನೆಗೆ ತಂದುಕೊಂಡಿದ್ದೆನೇ ಹೊರತು ಅವಳ ಯಾವ ಮಾತನ್ನೂ ಅದುವರೆಗೆ ನಡೆಸಿಕೊಟ್ಟಿರಲಿಲ್ಲ, ಯಾಕೆಂದರೆ ಅವಳು ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಇದೊಂದು. ಶ್ರಾವಣಕ್ಕೆ ಅವಳು ಬರುವಾಗ ಮೊಲ ಬದುಕಿರಬೇಕು. ಇಲ್ಲದಿದ್ದರೆ ಅವಳು ಏನೂ ಅನ್ನುವುದಿಲ್ಲ, ಊಟಕ್ಕೆ ಏಳಿ ಅನ್ನುತ್ತಾಳೆ, ನೀರು ಕಾದಿದೆ ಅನ್ನುತ್ತಾಳೆ. ಹೆದರಿಕೆಯಾದದ್ದು ಅದಕ್ಕೆ.

ಸ್ಕೂಲಿಗೆ ಮೊದಲು, ಸ್ಕೂಲಿನ ನಂತರ, ಮೊಲದ ಮುಂದೆ ಕೂರುವುದು ನನ್ನ ಕೆಲಸವಾಯಿತು. ಗರಿಕೆ, ಕೊತ್ತಂಬರಿ, ಮೂಲಂಗಿಯ ಎಲೆ. ನವುಲೆಯ ಕಡೆಯಿಂದ ಸೊಪ್ಪು ತರುವವಳು ನನ್ನನ್ನು ಕಂಡರೆ ಸಾಕು, "ಮೊಲದ ಮೇಷ್ಟ್ರಿಗೆ ಎಳೇದು ತೆಗೆದಿಟ್ಟಿದೀನಿ" ಅನ್ನುತ್ತಿದ್ದಳು. ಹಿತ್ತಿಲಲ್ಲಿ ನಾನು ಗರಿಕೆ ಕೀಳುವುದನ್ನು ನೋಡಿ ಅಮ್ಮ, "ಗಣಪತಿಗಾದ್ರೆ ಇಪ್ಪತ್ತೊಂದು ಸಾಕು ಮಾರಾಯ, ನಿನ್ನ ದೇವರಿಗೆ ಬುಟ್ಟಿಗಟ್ಟಲೆ ಬೇಕು" ಎಂದು ಹಂಗಿಸುತ್ತಿದ್ದಳು. ಮೊದಮೊದಲು ನನ್ನ ಕೈ ಒರಟಾಗಿತ್ತು. ಕಣ್ಣು ಒರೆಸಲು ಹೋದರೆ ಮೊಲ ಸಿಂಬೆಯಿಂದ ಹಾರಿ ಉರುಳುತ್ತಿತ್ತು. ಆಮೇಲೆ ಅಂಗೈಯನ್ನು ಅದರ ಪಕ್ಕೆಗೆ ಒತ್ತಿ ಹಿಡಿಯುವುದು ಕಲಿತೆ. ಒತ್ತಿ ಹಿಡಿದರೆ ಅದಕ್ಕೆ ಧೈರ್ಯ. ಅದರ ಎದೆ ನನ್ನ ಕೈಯಲ್ಲಿ ಬಡಿಯುವುದು ನಿಧಾನವಾಗುತ್ತಾ ಬರುತ್ತಿತ್ತು. ಕಣ್ಣುಗುಡ್ಡೆಯ ಅದುರಾಟ ಕಡಿಮೆಯಾಯಿತು. ತಲೆ ಮಾತ್ರ ಹಾಗೇ ಇತ್ತು.

ಇಷ್ಟು ಸಲೀಸಾಗಿ ಬರೆದಾಗ, ನಾನು ಅದನ್ನು ಪ್ರೀತಿಸತೊಡಗಿದೆ ಎಂಬ ವಾಕ್ಯ ಬರಲು ಕಾದು ನಿಂತಿರುತ್ತದೆ. ಅದು ನಿಜವೋ ಏನೋ. ನಾನು ಅವಳ ಮಾತನ್ನು ನಡೆಸುತ್ತಿದ್ದೆ. ಎರಡಕ್ಕೂ ಏನು ವ್ಯತ್ಯಾಸವೆಂದು ಆಗ ತಿಳಿಯಲಿಲ್ಲ.

ಆಷಾಢದ ನಡುವೆ ಮೊಲ ತಿನ್ನುವುದನ್ನು ನಿಲ್ಲಿಸಿತು. ಎಸಳನ್ನು ಬಾಯಿಯ ಪಕ್ಕಕ್ಕೆ ಹಿಡಿದರೆ ಮೂಗು ಅಲುಗುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ನೆನಪಿತ್ತು. ಮಾರನೆಯ ಬೆಳಿಗ್ಗೆಯೂ ತಿನ್ನದಿದ್ದಾಗ ಅಂಗಿ ಹಾಕಿಕೊಂಡೆ.

"ಎಲ್ಲಿಗೆ?" ಎಂದಳು ಅಮ್ಮ.

"ಭದ್ರಾವತಿಗೆ. ಅವಳ ಕೈಯಲ್ಲಾದ್ರೆ ತಿಂದೀತು."

"ಆಷಾಢದಲ್ಲಿ? ಹೊಸ ಅಳಿಯ? ನಿನಗೇನು ತಲೆ ಗಿಲೆ ಕೆಟ್ಟಿದೆಯಾ? ಇದು ಹೆಂಡ್ತೀನ ನೋಡೋಕೆ ನೆವ ಅಂತಾರೆ ಕಣೋ ಜನ."

"ಹೊಸಿಲು ತುಳಿಯಲ್ಲಮ್ಮ. ಬೀದೀಲೇ ನಿಂತ್ಕೋತೀನಿ."

ಅಮ್ಮ ಮೊಲವನ್ನು ನೋಡಿದಳು. "ಬೀದೀಲಿ ನಿಂತರೆ ಇನ್ನೂ ಚಂದ" ಎಂದಳು. ಆದರೆ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ.

ರೈಲಿನಲ್ಲಿ ಮೊಲವನ್ನು ಬುಟ್ಟಿಯಿಂದ ತೆಗೆದು, ಸಿಂಬೆ ಸಮೇತ ಹೊಟ್ಟೆಗೆ ಒತ್ತಿಕೊಂಡು ಕೂತೆ. ಅದು ಸುತ್ತಲಿಲ್ಲ. ಅಂದು ಜಟಕಾದಲ್ಲೂ ಹೀಗೆ ಮಡಿಲಲ್ಲಿ ಒತ್ತಿ ಹಿಡಿದಿದ್ದರೆ ಅದು ಅವಳ ಜೊತೆಗೇ ಹೋಗುತ್ತಿತ್ತು ಎಂದು ಮಾಚೇನಹಳ್ಳಿ ದಾಟುವಾಗ ಹೊಳೆಯಿತು. ಎದುರಿಗೆ ಕೂತಿದ್ದ ಕಾರ್ಖಾನೆಯ ಆಳು ತಮಿಳಿನಲ್ಲಿ ಏನೋ ಕೇಳಿದ. ನನಗೆ ಅರ್ಥವಾಗಲಿಲ್ಲ. ಅವನು ತನ್ನ ತಲೆಯನ್ನು ಮೊಲದ ಹಾಗೆ ವಾರೆ ಮಾಡಿ, ಕೈ ತಿರುಗಿಸಿ, ಯಾಕೆ ಎಂದ. ನಾನೂ ಕೈ ತಿರುಗಿಸಿದೆ.

ಕ್ವಾರ್ಟರ್ಸಿನ ಸಾಲಿನಲ್ಲಿ ಮಾವನವರ ಮನೆಯ ಮುಂದೆ ಕೊಡೆ ಹಿಡಿದು ನಿಂತೆ. ಅವರು ಹೊರಗೆ ಬಂದವರೇ ಬೀದಿಯ ಎರಡೂ ಕಡೆ ನೋಡಿದರು. ಆಚೆ ಮನೆಯ ಕಿಟಕಿ ಆಗಲೇ ತೆರೆದಿತ್ತು.

"ಒಳಗೆ ಬನ್ನಿ ಅನ್ನೋ ಹಾಗಿಲ್ಲ, ಹೋಗಿ ಅನ್ನೋ ಹಾಗೂ ಇಲ್ಲ. ನನ್ನ ಕಷ್ಟ ನೀವೇ ಹೇಳಿ ಅಳಿಯಂದಿರೇ."

"ಮೊಲ ತಿಂತಿಲ್ಲ ಮಾವ."

ಅವರು ಒಳಗೆ ಹೋಗಿ, ಒಂದು ಕುರ್ಚಿ ತಂದು ಬೀದಿಯಲ್ಲಿ ಹಾಕಿದರು. ನಾನು ಕೂತೆ. ಮೊಲವನ್ನು ಅವರು ಎರಡು ಕೈಯಲ್ಲಿ, ತುಂಬಿದ ಪಾತ್ರೆಯ ಹಾಗೆ ಒಳಗೆ ಒಯ್ದರು. ಬಾಗಿಲು ತೆರೆದೇ ಇತ್ತು. ಅವಳು ಹೊಸಿಲಿನ ಒಳಗೆ ನೆಲದ ಮೇಲೆ ಕೂತು ಮೊಲವನ್ನು ಮಡಿಲಿಗೆ ತೆಗೆದುಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ತಿರುಗಿ ಕೂತಳು.

ಈಗ ನನಗೆ ಸ್ಪಷ್ಟವಾಗಿ ನೆನಪಿರುವುದು: ಅವಳ ಬೆರಳ ನಡುವೆ ಕೊತ್ತಂಬರಿಯ ಎಸಳು, ಮೊಲದ ಬಾಯಿ ತೆರೆದದ್ದು, ಎಸಳು ತುಸು ತುಸುವೇ ಒಳಗೆ ಹೋದದ್ದು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಅವಳ ಬೆನ್ನು ನನ್ನ ಕಡೆಗಿತ್ತು. ಬೆನ್ನಿನಾಚೆ ನಡೆದದ್ದನ್ನು ನಾನು ಹೇಗೆ ನೋಡಿದೆ? ನೋಡಿರಲಾರೆ. ಒಳಗಿನಿಂದ "ತಿಂತು" ಎಂಬ ದನಿ ಕೇಳಿದ್ದು ನಿಜ. ಅದು ಅವಳದೋ ಅವಳಮ್ಮನದೋ. ಆ ಒಂದು ಮಾತಿನಿಂದ ನಾನು ಬೆರಳು, ಎಸಳು, ಬಾಯಿ ಎಲ್ಲ ಮಾಡಿಕೊಂಡಿರಬೇಕು.

ಮಾವನವರು ಹೊಸಿಲಾಚೆಯಿಂದ ಕಾಫಿಯ ಲೋಟ ತಂದುಕೊಟ್ಟರು. ಬೀದಿಯಲ್ಲೇ ಕುಡಿದೆ. ಮೊಲ ಅಲ್ಲೇ ಇರಲಿ ಎಂದಾಯಿತು. ನಾನು ಸಂಜೆಯ ರೈಲಿಗೆ ಕೈ ಬೀಸಿಕೊಂಡು ವಾಪಸು ಬಂದೆ.

ಶ್ರಾವಣದಲ್ಲಿ ಅವಳು ಬಂದಳು. ಒಂದು ಟ್ರಂಕು, ಒಂದು ಬಟ್ಟೆಯ ಗಂಟು. ಬುಟ್ಟಿ ಇರಲಿಲ್ಲ.

"ಮೊಲ?" ಎಂದೆ.

"ಅಮ್ಮನ ಹತ್ರ ಬಿಟ್ಟು ಬಂದೆ. ಚೆನ್ನಾಗಿದೆ. ಮತ್ತೆ ರೈಲು ಗೀಲು ಯಾಕೆ ಅಂತ."

ಗಂಟು ಬಿಚ್ಚಿದಳು. ಒಳಗೆ ಸಿಂಬೆಯಿತ್ತು, ಒಗೆದು ಒಣಗಿಸಿದ್ದು. ಅವಳು ಅದನ್ನು ಅಡಿಗೆ ಮನೆಗೆ ಒಯ್ದು ನೀರಿನ ಕೊಡದ ಕೆಳಗೆ ಇಟ್ಟಳು. ಕೊಡಕ್ಕೆ ಅದು ದೊಡ್ಡದಾಯಿತು, ಬಿಚ್ಚಿ ಚಿಕ್ಕದಾಗಿ ಸುತ್ತಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊಲಕ್ಕೆ ತಲೆ ನೆಟ್ಟಗಾಗಿ ಸಿಂಬೆ ಬೇಡವಾಗಿರಬಹುದು. ಅಥವಾ ಮೊಲವೇ ಇಲ್ಲದಿರಬಹುದು. ಎರಡೂ ಆ ಒಗೆದ ಬಟ್ಟೆಯಲ್ಲಿ ಇದ್ದವು.

ಅವತ್ತು ಅವಳು ಸುಮ್ಮನಾಗಲಿಲ್ಲ. ಕಣ್ಣು ಹೇಗೆ ಒರೆಸುತ್ತಿದ್ದೆ, ಯಾವ ಸೊಪ್ಪು ಕೊಡುತ್ತಿದ್ದೆ, ಯಾವಾಗ ತಿನ್ನುವುದು ನಿಲ್ಲಿಸಿತು, ಬೀದಿಯಲ್ಲಿ ಕೂತಾಗ ನಾಚಿಕೆಯಾಗಲಿಲ್ಲವೇ, ಎಲ್ಲ ಕೇಳಿದಳು. ನಾನು ಹೇಳಿದೆ. ಎಡ ಬಲದ ಜಗಳವೂ ಅವತ್ತೇ ಶುರುವಾಗಿರಬೇಕು. ನಾವು ಗಂಡ ಹೆಂಡತಿಯರ ಹಾಗೆ ಮಾತಾಡಿದ ಮೊದಲ ದಿನ ಅದು.

ದೀಪಾವಳಿಗೆ ಭದ್ರಾವತಿಗೆ ಹೋದೆವು. ಹೊಸಿಲು ದಾಟಿ ಒಳಗೆ ಹೋದೆ. ಮೊಲ ಕಾಣಲಿಲ್ಲ. ಮಾವನವರನ್ನು ಕೇಳಿದೆ. "ಮಾಚೇನಹಳ್ಳಿ ಕಡೆ ನಮ್ಮವರ ಮನೆಗೆ ಕೊಟ್ವಿ, ಅಲ್ಲಿ ಜಾಗ ದೊಡ್ಡದು" ಎಂದರು. ಅತ್ತೆ ಅದೇ ಹೊತ್ತಿಗೆ ಅಡಿಗೆ ಮನೆಯಿಂದ, "ಕಾಲ ಆಯ್ತಲ್ಲಪ್ಪ ಅದು, ಪಾಪ" ಎಂದಂತೆ ಕೇಳಿಸಿತು. ಅವರು ಬೇರೆ ಯಾರ ವಿಷಯವನ್ನೋ ಹೇಳುತ್ತಿದ್ದಿರಬಹುದು. ಒಳಗೆ ನೆಂಟರಿದ್ದರು, ಹಬ್ಬದ ಗಲಾಟೆಯಿತ್ತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ನೆಲದ ಮೇಲಿನ ರಂಗೋಲಿಯನ್ನು ನೋಡುತ್ತಿದ್ದಳು.

ಅವಳನ್ನು ಕೇಳಬಹುದಿತ್ತು. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ಅದಕ್ಕೇ ಕೇಳಲಿಲ್ಲ. ಮೊಲ ನನ್ನ ಕೈಯಲ್ಲಿ ಸಾಯಲಿಲ್ಲ ಎಂಬ ಸಮಾಧಾನವನ್ನು ಅವಳು ನನಗೆ ಕೊಟ್ಟಿದ್ದಳು, ಅದನ್ನು ವಾಪಸು ಕೊಡಲು ನನಗೆ ಮನಸ್ಸಿರಲಿಲ್ಲ. ಇಲ್ಲ, ಇದೂ ಈಗಿನ ಮಾತು. ಆಗ ಸುಮ್ಮನೆ ಕೇಳಲಿಲ್ಲ, ಅಷ್ಟೆ. ಆಮೇಲೆ ಕೇಳುವ ಕಾಲ ಮೀರಿತು. ಸಿಂಬೆ ಹಲವು ವರ್ಷ ಕೊಡದ ಕೆಳಗೆ ಇತ್ತು, ಬಣ್ಣ ಹೋಯಿತು, ಯಾವಾಗ ಎಸೆದಳೋ ನೋಡಲಿಲ್ಲ.

ಆ ದಿನ ಹೊಸಿಲಿನ ಒಳಗೆ ಮೊಲ ತಿಂದಿತೋ ಇಲ್ಲವೋ, ಅದರ ತಲೆ ನೆಟ್ಟಗಾಯಿತೋ ಇಲ್ಲವೋ, ಅದು ಶ್ರಾವಣವನ್ನು ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲ.